ಡ್ರೈವರ್‌ಗೆ ಅಂಕ ಕೊಡ್ತೀರಿ, ವೇಳಾಪಟ್ಟಿಗೆ ಯಾರು ಕೊಡ್ತಾರೆ?

ಕಳೆದ ಎಪಿಸೋಡಿನಲ್ಲಿ ಕಂಪನಿ ವಾಹನಗಳ ವಿಷಯ ಬಂದಾಗ ಒಂದು ಮಾತು ಹಾಗೇ ಹಾದುಹೋಯಿತು. "ಈಗ ಎಲ್ಲಾ ವ್ಯಾನಲ್ಲೂ ಟೆಲಿಮ್ಯಾಟಿಕ್ಸ್ ಇದೆಯಲ್ಲ, ಕೆಟ್ಟ ಡ್ರೈವರ್ ಯಾರು ಅಂತ ಡ್ಯಾಶ್‌ಬೋರ್ಡ್ ನೋಡಿದ್ರೆ ಗೊತ್ತಾಗಿಬಿಡುತ್ತೆ." ಮೈಕ್ ಮುಂದೆ ಅದಕ್ಕೆ ಉತ್ತರ ಕೊಡುವಷ್ಟು ಸಮಯ ಇರಲಿಲ್ಲ. ಬರೆಯುವಾಗ ಆ ತೊಂದರೆ ಇಲ್ಲ, ಹಾಗಾಗಿ ಉದ್ದವಾಗಿಯೇ ಬರೀತೀನಿ.

ನನ್ನ ವಾದ ಸರಳ. ಸುರಕ್ಷತೆಯ ಹೆಸರಲ್ಲಿ ಕಂಪನಿಗಳು ಇವತ್ತು ಕೊಳ್ಳುತ್ತಿರುವ ಡ್ರೈವರ್ ಸ್ಕೋರ್ ಅನ್ನೋ ಸರಕು ಬಹುಪಾಲು ಹೊಣೆಯನ್ನು ಮೇಲಿನಿಂದ ಕೆಳಕ್ಕೆ ದಾಟಿಸುವ ಸಾಧನ. ವೇಳಾಪಟ್ಟಿ ಬರೆದವರು, ಸವೆದ ಟೈರು ಬದಲಿಸದವರು, ಅಗ್ಗದ ವ್ಯಾನ್ ಕೊಂಡವರು, ಇವರಲ್ಲಿ ಯಾರಿಗೂ ಅಂಕ ಇಲ್ಲ. ಸ್ಟಿಯರಿಂಗ್ ಹಿಡಿದವನೊಬ್ಬನಿಗೆ ಮಾತ್ರ 100ಕ್ಕೆ 72. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಬರೆಗೆ ನಾವೀಗ ದಶಮಾಂಶ ಬಿಂದು ಸೇರಿಸಿದ್ದೇವೆ ಅಷ್ಟೆ.

ಇದನ್ನು ತಂತ್ರಜ್ಞಾನದ ವಿರೋಧಿಯಾಗಿ ಹೇಳ್ತಾ ಇಲ್ಲ. ದತ್ತಾಂಶದಲ್ಲೇ ಅನ್ನ ತಿನ್ನೋನು ನಾನು. ಅದಕ್ಕೇ ಈ ಅಂಕಗಳನ್ನು ಕಂಡರೆ ಸಿಟ್ಟು ಬರೋದು.

ಅಂಕ ಎಲ್ಲಿಂದ ಬರುತ್ತೆ

ವಾಹನಕ್ಕೆ ಒಂದು ಚಿಕ್ಕ ಪೆಟ್ಟಿಗೆ ಹಾಕ್ತಾರೆ. ಅದರಲ್ಲಿ ಜಿಪಿಎಸ್, ವೇಗ ಎಷ್ಟು ಬೇಗ ಏರಿತು ಇಳಿಯಿತು ಅಂತ ಅಳೆಯೋ ಆಕ್ಸೆಲೆರೋಮೀಟರ್, ಒಂದು ಸಿಮ್ ಇರುತ್ತೆ. ಕೆಲವು ಕಡೆ ಇದರ ಜೊತೆಗೆ ಚಾಲಕನ ಮುಖ ನೋಡುವ ಕ್ಯಾಮೆರಾ ಕೂಡ. ಜೋರಾಗಿ ಬ್ರೇಕ್ ಹಾಕಿದ್ದೆಷ್ಟು ಸಲ, ಜೋರಾಗಿ ಎಳೆದದ್ದೆಷ್ಟು ಸಲ, ತಿರುವಿನಲ್ಲಿ ಎಷ್ಟು ವಾಲಿತು, ವೇಗಮಿತಿ ಎಷ್ಟು ಸಲ ಮೀರಿತು, ಇವಕ್ಕೆಲ್ಲ ಒಂದೊಂದು ತೂಕ ಕೊಟ್ಟು ಕೂಡಿಸಿದರೆ ಅಂಕ ಬಂತು.

ಇದರಲ್ಲಿ ಜೋರು ಬ್ರೇಕನ್ನೇ ತಗೊಳ್ಳಿ. ಚೆಂಡಿನ ಹಿಂದೆ ಮಗು ಓಡಿಬಂದಾಗ ಬ್ರೇಕ್ ತುಳಿದು ನಿಲ್ಲಿಸಿದವನಿಗೂ ಅಂಕ ಕಡಿಮೆ, ಮೊಬೈಲ್ ನೋಡ್ತಾ ಕೊನೇ ಕ್ಷಣದಲ್ಲಿ ಎಚ್ಚೆತ್ತವನಿಗೂ ಅಂಕ ಕಡಿಮೆ. ಆಕ್ಸೆಲೆರೋಮೀಟರಿಗೆ ಇವೆರಡೂ ಒಂದೇ ಗೆರೆ. ಇನ್ನು ದಾರಿಯ ವಿಷಯ. ದಿನವಿಡೀ ಆಟೋಬಾನಿನಲ್ಲಿ ನೂರಾರು ಕಿಲೋಮೀಟರ್ ಓಡಿಸುವವನಿಗೆ ಬ್ರೇಕಿನ ಅಗತ್ಯವೇ ಕಡಿಮೆ. ನಗರದ ಒಳಗೆ ಸೈಕಲ್, ಟ್ರಾಮ್, ಶಾಲೆ, ಡಬಲ್ ಪಾರ್ಕಿಂಗ್ ಮಧ್ಯೆ ನುಸುಳುವವನಿಗೆ ಪ್ರತಿ ಬೀದಿಯಲ್ಲೂ ಬೇಕು. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿ ಕೊನೇ ಹತ್ತು ಮಂದಿಗೆ ಪತ್ರ ಕಳಿಸಿದರೆ ನೀವು ಅಳೆದದ್ದು ರಸ್ತೆಯನ್ನೇ ಹೊರತು ಮನುಷ್ಯನನ್ನಲ್ಲ.

ಬ್ರೇಕ್ ಹಾಕಿದರೆ ಬೋನಸ್ ಹೋಗುತ್ತೆ ಅಂತ ಗೊತ್ತಾದ ದಿನದಿಂದ ಏನಾಗುತ್ತೆ ಯೋಚಿಸಿ. ಹಳದಿ ದೀಪ ಬಂದಾಗ ನಿಲ್ಲಬೇಕಾ, ದಾಟಿಬಿಡಬೇಕಾ? ನಿಂತರೆ ಪೆಟ್ಟಿಗೆ ಬರೆದುಕೊಳ್ಳುತ್ತೆ. ದಾಟಿದರೆ ಪೆಟ್ಟಿಗೆಗೆ ಗೊತ್ತೇ ಆಗಲ್ಲ. ಅಳತೆಯನ್ನೇ ಗುರಿ ಮಾಡಿದಾಗ ಅಳತೆ ಕೆಡುತ್ತೆ ಅಂತ ನಮ್ಮ ಕಸುಬಿನವರಿಗೆ ಮೊದಲ ವರ್ಷವೇ ಹೇಳಿಕೊಡ್ತಾರೆ. ಪಾಠದಲ್ಲಿ ಅದು ಪರೀಕ್ಷೆಯ ಪ್ರಶ್ನೆ, ರಸ್ತೆಯಲ್ಲಿ ಅದೇ ಅಪಘಾತ.

300 ಮಂದಿಯ ಲೆಕ್ಕ

"ಬ್ರೇಕಿನ ಕಥೆ ಬಿಡಪ್ಪ, ನಾವು ನಿಜವಾದ ಅಪಘಾತಗಳನ್ನೇ ಎಣಿಸ್ತೀವಿ" ಅನ್ನೋರೂ ಇದ್ದಾರೆ. ಅವರಿಗಾಗಿ ಒಂದು ಲೆಕ್ಕ, ಕಾಗದದ ಮೇಲೆ ನೀವೇ ಮಾಡಬಹುದು.

ಒಂದು ಕಂಪನಿಯಲ್ಲಿ 300 ಚಾಲಕರು ಅಂದ್ಕೊಳ್ಳಿ. ಎಲ್ಲರೂ ಪೂರ್ತಿ ಸಮಾನರು, ಒಬ್ಬರಿಗಿಂತ ಒಬ್ಬರು ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಸರಾಸರಿ ಐದು ವರ್ಷಕ್ಕೊಮ್ಮೆ ಒಬ್ಬೊಬ್ಬರಿಗೆ ಒಂದು ಸಣ್ಣದೋ ದೊಡ್ಡದೋ ಡಿಕ್ಕಿ. ಆಗ ಒಂದು ವರ್ಷದ ಕೊನೆಗೆ ಬರೀ ಅದೃಷ್ಟದ ಆಟದಲ್ಲೇ ಸುಮಾರು 246 ಮಂದಿಗೆ ಒಂದೂ ಡಿಕ್ಕಿ ಇರಲ್ಲ, 49 ಮಂದಿಗೆ ಒಂದು ಇರುತ್ತೆ, 5 ಮಂದಿಗೆ ಎರಡು ಅಥವಾ ಹೆಚ್ಚು. ಆ ಐವರನ್ನು ಕರೆಸಿ "ಒಂದೇ ವರ್ಷದಲ್ಲಿ ಎರಡು!" ಅಂತ ಬೈದು ತರಬೇತಿಗೆ ಕಳಿಸ್ತಾರೆ. ಮುಂದಿನ ವರ್ಷ ಆ ಐವರಲ್ಲಿ ನಾಲ್ವರಿಗೆ ಏನೂ ಆಗಿರಲ್ಲ, ಯಾಕಂದ್ರೆ ಅದೃಷ್ಟ ಸರಾಸರಿಗೆ ಮರಳಿರುತ್ತೆ. "ನೋಡಿ, ತರಬೇತಿ ಕೆಲಸ ಮಾಡ್ತು" ಅಂತ ಸ್ಲೈಡ್ ತಯಾರಾಗುತ್ತೆ. ಮಾರಾಟಗಾರ ಆ ಸ್ಲೈಡನ್ನೇ ಮುಂದಿನ ಕಂಪನಿಗೆ ತೋರಿಸ್ತಾನೆ.

ನಿಜ ಜೀವನದಲ್ಲಿ ಚಾಲಕರು ಪೂರ್ತಿ ಸಮಾನರಲ್ಲ ಅನ್ನೋದು ಸರಿ. ಕುಡಿದು ಓಡಿಸುವವನು, ಮೊಬೈಲ್ ಬಿಡದವನು ಇದ್ದೇ ಇರ್ತಾರೆ, ಅವರನ್ನು ಹಿಡಿಯಲೇಬೇಕು. ಆದರೆ ಕೆಲವು ನೂರು ಜನರ ಒಂದು ವರ್ಷದ ಅಪಘಾತದ ಎಣಿಕೆ ಅವರನ್ನು ಹುಡುಕಿಕೊಡಲ್ಲ. ಆ ಸಂಖ್ಯೆಯಲ್ಲಿ ಸದ್ದು ಜಾಸ್ತಿ, ಸುದ್ದಿ ಕಡಿಮೆ. ಈ ಸದ್ದನ್ನು ನಂಬಿ ಒಬ್ಬನ ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಅಂತ ತೀರ್ಮಾನಿಸೋದು ಶಾಸ್ತ್ರ ಹೇಳಿಸಿದಷ್ಟೇ ವೈಜ್ಞಾನಿಕ.

ಎರಡು ನಿಮಿಷದ ವೇಳಾಪಟ್ಟಿ

ಇನ್ನೊಂದು ಲೆಕ್ಕ. ಪಾರ್ಸೆಲ್ ಹಂಚುವವನ ಪಾಳಿ ಎಂಟು ಗಂಟೆ, ಅಂದರೆ 480 ನಿಮಿಷ. ಜರ್ಮನಿಯ ಕಾನೂನಿನ ಪ್ರಕಾರ ಆರು ಗಂಟೆಗಿಂತ ಹೆಚ್ಚು ದುಡಿದರೆ 30 ನಿಮಿಷ ವಿರಾಮ ಕೊಡಲೇಬೇಕು. ಅದನ್ನೂ ಈ 480ರಲ್ಲೇ ಸೇರಿಸಿದ್ದಾರೆ ಅಂದ್ಕೊಳ್ಳೋಣ. ಬೆಳಿಗ್ಗೆ ಲೋಡ್ ಮಾಡೋಕೆ 45 ನಿಮಿಷ, ಡಿಪೋದಿಂದ ಮೊದಲ ಮನೆಗೆ ಹೋಗಿ ಸಂಜೆ ವಾಪಸ್ ಬರೋಕೆ ಒಟ್ಟು 45 ನಿಮಿಷ ಹಿಡಿಯಿರಿ. ಉಳಿದದ್ದು 360. ಅವತ್ತಿನ ಪಟ್ಟಿಯಲ್ಲಿ 180 ನಿಲುಗಡೆ ಇದ್ದರೆ ಒಂದೊಂದಕ್ಕೆ ಎರಡು ನಿಮಿಷ. ಮುಂದಿನ ಮನೆಗೆ ಓಡಿಸಿ, ಜಾಗ ಹುಡುಕಿ ನಿಲ್ಲಿಸಿ, ಪಾರ್ಸೆಲ್ ತೆಗೆದು, ಬೆಲ್ ಮೇಲಿನ ಹೆಸರು ಹುಡುಕಿ, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ ಹತ್ತಿ, ಸಹಿ ಹಾಕಿಸಿ, ಇಳಿದು ಬರೋದು, ಎಲ್ಲಾ ಸೇರಿ ಎರಡೇ ನಿಮಿಷ.

ಈ ವೇಳಾಪಟ್ಟಿಯನ್ನು ಬರೆದದ್ದು ಒಂದು ಅಲ್ಗಾರಿದಮ್, ಅದನ್ನು ಒಪ್ಪಿದ್ದು ಒಬ್ಬ ಮ್ಯಾನೇಜರ್. ಆ ವೇಳಾಪಟ್ಟಿಗೆ ಎಷ್ಟು ಅಂಕ? ಅದನ್ನು ಅಳೆಯುವ ಡ್ಯಾಶ್‌ಬೋರ್ಡ್ ಎಲ್ಲಿದೆ? ಚಾಲಕ ಸೀಟ್ ಬೆಲ್ಟ್ ಹಾಕಿಲ್ಲ ಅಂತ ಎಚ್ಚರಿಸೋ ಕಂಪನಿ, ದಿನಕ್ಕೆ 180 ಸಲ ಬೆಲ್ಟ್ ಬಿಚ್ಚಿ ಹಾಕಿ ಮಾಡೋಕೆ ಎಷ್ಟು ಸಮಯ ಕೊಟ್ಟಿದೆ ಅಂತ ಕೇಳೋರಿಲ್ಲ.

ಅವಸರವನ್ನು ಅಂಗಡಿಯವನೇ ಮಾರಿದರೆ ಏನಾಗುತ್ತೆ ಅನ್ನೋದಕ್ಕೆ ಹಳೆಯ ಉದಾಹರಣೆ ಡೊಮಿನೋಸ್. ಅಮೆರಿಕದಲ್ಲಿ 30 ನಿಮಿಷದಲ್ಲಿ ಪಿಜ್ಜಾ ಅನ್ನೋ ಭರವಸೆಯನ್ನು ಕಂಪನಿ 1993ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಕೆಂಪು ದೀಪ ದಾಟಿಬಂದ ಡೆಲಿವರಿ ಚಾಲಕ ಗುದ್ದಿ ಗಾಯಗೊಂಡಿದ್ದ ಮಹಿಳೆಯೊಬ್ಬರಿಗೆ ಸೇಂಟ್ ಲೂಯಿಸ್‌ನ ಜ್ಯೂರಿ ಸುಮಾರು 7.9 ಕೋಟಿ ಡಾಲರ್ ಪರಿಹಾರ ಘೋಷಿಸಿದ ಮೇಲೆ. ಗಮನಿಸಿ, ಕೆಂಪು ದೀಪ ದಾಟಿದವನು ಚಾಲಕನೇ. ಆದರೆ ಜ್ಯೂರಿ ಅಷ್ಟಕ್ಕೇ ನಿಲ್ಲದೆ ಗಡಿಯಾರ ಇಟ್ಟವರನ್ನೂ ಕೇಳಿತು. ಮೂವತ್ತು ವರ್ಷ ಕಳೆದ ಮೇಲೆ ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ತಲುಪಿಸೋ ಆಟ ಶುರುವಾಯಿತು. ಅಲ್ಲಿ ಹುಡುಗರು ಓಡಿಸೋದು ಅವರದೇ ಸ್ಕೂಟರು, ಅವರದೇ ಪೆಟ್ರೋಲು. ಹಾಗಾಗಿ ಕಂಪನಿಗೆ "ವಾಹನ ಪಡೆ" ಅಂತ ಒಂದೂ ಇಲ್ಲ, ನಿರ್ವಹಣೆಯ ಹೊಣೆಯೂ ಇಲ್ಲ. ಬುದ್ಧಿವಂತಿಕೆ ಅಂದ್ರೆ ಇದು!

ಕಣ್ಗಾವಲು ಹೆಚ್ಚಿತು, ಅಪಘಾತ ಇಳಿಯಲಿಲ್ಲ

ಅಳತೆಯೊಂದೇ ಸಾಕು ಅನ್ನೋರು ಅಮೆರಿಕದ ಲಾರಿಗಳ ಕಥೆ ಓದಬೇಕು. ಅಲ್ಲಿ ಸರಕು ಲಾರಿ ಚಾಲಕರು ಕೆಲಸ ಶುರು ಮಾಡಿದ 14 ಗಂಟೆಗಳೊಳಗೆ ಗರಿಷ್ಠ 11 ಗಂಟೆ ಮಾತ್ರ ಓಡಿಸಬಹುದು. ಮೊದಲು ಇದನ್ನು ಕಾಗದದ ಪುಸ್ತಕದಲ್ಲಿ ಬರೀತಿದ್ದರು, ಸುಳ್ಳು ಬರೆಯೋದು ಸುಲಭವಿತ್ತು. 2017ರ ಡಿಸೆಂಬರಿನಿಂದ ಎಲೆಕ್ಟ್ರಾನಿಕ್ ಲಾಗ್ ಯಂತ್ರ ಕಡ್ಡಾಯವಾಯಿತು. ಸಂಶೋಧಕರು ಮುಂಚಿನ ಮತ್ತು ಆಮೇಲಿನ ದಾಖಲೆ ಹೋಲಿಸಿ ನೋಡಿದರು. ಕೆಲಸದ ಅವಧಿಯ ಉಲ್ಲಂಘನೆ ಇಳಿದಿತ್ತು, ಅಂದರೆ ಯಂತ್ರ ತನ್ನ ಕೆಲಸ ಮಾಡಿತ್ತು. ಅಪಘಾತ ಮಾತ್ರ ಇಳಿದಿರಲಿಲ್ಲ. ಅದೂ ಅಲ್ಲದೆ, ಅತಿವೇಗದಂಥ ಅಪಾಯಕಾರಿ ಚಾಲನೆಯ ಉಲ್ಲಂಘನೆಗಳು, ವಿಶೇಷವಾಗಿ ಸಣ್ಣ ಸಾರಿಗೆ ಕಂಪನಿಗಳಲ್ಲಿ, ಏರಿದ್ದವು.

ಕಾರಣ ಊಹಿಸೋದು ಕಷ್ಟವಲ್ಲ. ಎಷ್ಟೋ ಚಾಲಕರಿಗೆ ಸಂಬಳ ಮೈಲಿ ಲೆಕ್ಕದಲ್ಲಿ. ಗೋದಾಮಿನ ಬಾಗಿಲಲ್ಲಿ ಮೂರು ಗಂಟೆ ಕಾಯಿಸಿದರೂ 14 ಗಂಟೆಯ ಗಡಿಯಾರ ಓಡ್ತಾನೇ ಇರುತ್ತೆ. ಕಾದ ಸಮಯಕ್ಕೆ ದುಡ್ಡು ಸರಿಯಾಗಿ ಸಿಗಲ್ಲ, ತಲುಪಬೇಕಾದ ಊರು ಹತ್ತಿರ ಬರಲ್ಲ. ಮೊದಲು ಪುಸ್ತಕದಲ್ಲಿ ಸುಳ್ಳು ಬರೆದು ಸರಿದೂಗಿಸುತ್ತಿದ್ದದ್ದನ್ನು ಈಗ ಆಕ್ಸಿಲರೇಟರ್ ತುಳಿದು ಸರಿದೂಗಿಸಬೇಕು. ಒತ್ತಡ ಎಲ್ಲೂ ಹೋಗಲಿಲ್ಲ, ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬಿತು.

ಯೂರೋಪು ಕನಿಷ್ಠ ಕಾಗದದ ಮೇಲಾದರೂ ಇದನ್ನು ಅರ್ಥ ಮಾಡಿಕೊಂಡಿದೆ. 3.5 ಟನ್ನಿಗೂ ಭಾರದ ಸರಕು ವಾಹನಗಳಿಗೆ ಅನ್ವಯಿಸುವ 2006ರ 561ನೇ ನಿಯಮಾವಳಿ ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು ಗಂಟೆ, ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಅನ್ನುತ್ತೆ. ಇವೆಲ್ಲ ಹಲವರಿಗೆ ಗೊತ್ತು. ಹೆಚ್ಚು ಜನರ ಕಣ್ಣಿಗೆ ಬೀಳದ ಸಾಲು ಅದರ ಹತ್ತನೇ ವಿಧಿಯಲ್ಲಿದೆ: ಎಷ್ಟು ದೂರ ಓಡಿಸಿದೆ, ಎಷ್ಟು ಬೇಗ ತಲುಪಿಸಿದೆ, ಎಷ್ಟು ಸರಕು ಸಾಗಿಸಿದೆ ಅನ್ನೋದಕ್ಕೆ ಕಟ್ಟಿದ ಸಂಬಳ ಅಥವಾ ಬೋನಸ್ಸನ್ನು, ಅದು ರಸ್ತೆ ಸುರಕ್ಷತೆಗೆ ಅಪಾಯ ತರುವಂತಿದ್ದರೆ, ಕಂಪನಿ ಕೊಡುವಂತಿಲ್ಲ. ಇಲ್ಲಿ ನಿಷೇಧ ಕಂಪನಿಯ ಮೇಲೆ. ಅಪಾಯದ ಬೇರು ಎಲ್ಲಿದೆ ಅಂತ ಗೊತ್ತಿದ್ದವರು ಬರೆದ ಸಾಲು ಅದು.

ನಮ್ಮ ದೇಶದಲ್ಲೂ ಕಾನೂನು ಇಲ್ಲ ಅಂತೇನಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯ ಮಿತಿಯಾಗಿ ಹೇಳಿದ್ದೇ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಾಗೋದರೊಳಗೆ ಕರಾವಳಿ ಮುಟ್ಟಿಸಿ, ಮಧ್ಯಾಹ್ನ ಬಸ್ಸಿನ ಡಿಕ್ಕಿಯಲ್ಲೇ ಮಲಗೆದ್ದು, ಸಂಜೆ ಮತ್ತೆ ಹೊರಡುವವರಿಗೆ ಈ ಮಿತಿಯನ್ನು ಹೇಳಿ ನೋಡಿ.

ಯಾರು ಬರೆದ ಕಾರಣ?

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವಿನ ಎದುರು ಬರೆದಿರುವ ಕಾರಣ ಅತಿವೇಗ. ಡ್ರೈವರ್ ಸ್ಕೋರ್ ಮಾರುವವರ ಮೊದಲ ಸ್ಲೈಡಿನಲ್ಲಿ ಇಂಥದ್ದೇ ಒಂದು ಅಂಕಿ ಇರುತ್ತೆ: ನೋಡಿ, ತಪ್ಪೆಲ್ಲ ಚಾಲಕರದ್ದೇ.

ದತ್ತಾಂಶ ನೋಡುವವರು ಕೇಳಬೇಕಾದ ಮೊದಲ ಪ್ರಶ್ನೆ: ಈ ಕಾಲಂ ತುಂಬಿದವರು ಯಾರು? ಅಪಘಾತದ ಸ್ಥಳಕ್ಕೆ ಬಂದ ಪೊಲೀಸರು. ಅವರ ಕೆಲಸ ಯಾರ ಮೇಲೆ ಕೇಸು ಹಾಕೋದು ಅಂತ ತೀರ್ಮಾನಿಸೋದು. ಆ ಚಾಲಕ ಎಷ್ಟು ಗಂಟೆ ನಿದ್ದೆ ಮಾಡಿದ್ದ, ಮಾಲೀಕ ಎಷ್ಟು ಸಲ ಫೋನ್ ಮಾಡಿದ್ದ, ಟೈರು ಎಷ್ಟು ಸಲ ರೀಟ್ರೆಡ್ ಆಗಿತ್ತು, ಇವಕ್ಕೆ ಅಲ್ಲಿ ಸಿಗುವ ಜಾಗ ಅಷ್ಟಕ್ಕಷ್ಟೆ. ಹುಡುಕದ್ದು ಸಿಗಲ್ಲ. ಅತಿವೇಗ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. 50 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡು ತಡವಾಗಿ ಪ್ರತಿಕ್ರಿಯಿಸಿದರೆ ಗಾಡಿ ಬ್ರೇಕ್ ಹಿಡಿಯುವ ಮೊದಲೇ ಸುಮಾರು 14 ಮೀಟರ್ ಹೋಗಿರುತ್ತೆ, ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತೆ. ಭೌತಶಾಸ್ತ್ರ ಯಾರಿಗೂ ರಿಯಾಯಿತಿ ಕೊಡಲ್ಲ. ನಾನು ಕೇಳ್ತಾ ಇರೋದು ವೇಗದ ಹಿಂದಿನ ಅವಸರ ಯಾರದ್ದು ಅಂತ.

"ಆದರೆ ಕ್ಯಾಮೆರಾ ಹಾಕಿದ ಮೇಲೆ ಅಪಘಾತ ಇಳಿದಿದೆಯಲ್ಲ"

ಈ ವಾದವನ್ನು ತಳ್ಳಿಹಾಕಲಾಗದು. 2021ರಲ್ಲಿ ಅಮೆಜಾನ್ ಅಮೆರಿಕದ ತನ್ನ ಡೆಲಿವರಿ ವ್ಯಾನುಗಳಿಗೆ ನೆಟ್ರಾಡೈನ್ ಕ್ಯಾಮೆರಾ ಹಾಕಿಸಲು ಶುರು ಮಾಡಿತು. ಪ್ರಯೋಗದ ಹಂತದಲ್ಲಿ ಅಪಘಾತ ಶೇ 48ರಷ್ಟು ಇಳಿಯಿತು ಅಂತ ಕಂಪನಿ ಹೇಳಿಕೊಂಡಿತು. ಅದೇ ವರ್ಷ ಚಾಲಕರು ಪತ್ರಕರ್ತರಿಗೆ ಹೇಳಿದ್ದು ಬೇರೆ: ಪಕ್ಕದ ಕಾರು ಅಡ್ಡ ನುಗ್ಗಿದರೂ ತಪ್ಪು ನಮ್ಮ ಲೆಕ್ಕಕ್ಕೇ, ಸೈಡ್ ಮಿರರ್ ನೋಡಿದರೂ ಗಮನ ಬೇರೆಡೆ ಅಂತ ಗುರುತು ಬೀಳುತ್ತೆ. ಎರಡೂ ಏಕಕಾಲಕ್ಕೆ ನಿಜ ಇರಬಹುದು. ಬೆಲ್ಟ್ ಹಾಕಿಸೋಕೆ, ತೂಕಡಿಕೆ ಎಚ್ಚರಿಸೋಕೆ ಕ್ಯಾಮೆರಾ ಉಪಯೋಗಕ್ಕೆ ಬರುತ್ತೆ. ನನ್ನ ತಕರಾರು ಆ ಚಿತ್ರದಿಂದ ಶಿಕ್ಷೆಯ ಅಂಕ ಹುಟ್ಟಿಸೋದರ ಮೇಲೆ. ತೂಕಡಿಸುವವನನ್ನು ಎಬ್ಬಿಸುವ ಬೀಪ್ ಸುರಕ್ಷತೆ. ಅವನು ತೂಕಡಿಸಿದ ಅಂತ ಸಂಬಳ ಕತ್ತರಿಸಿ, ನಾಳೆಗೂ ಅದೇ ಪಾಳಿ ಕೊಟ್ಟರೆ ಅದನ್ನು ಏನಂತ ಕರೀಬೇಕು ನೀವೇ ಹೇಳಿ.

ಜರ್ಮನಿಯಲ್ಲಿ ಕಂಪನಿ ಇದನ್ನು ತನಗೆ ಬೇಕಾದ ಹಾಗೆ ಮಾಡೋಕೆ ಆಗಲ್ಲ. ನೌಕರರ ವರ್ತನೆ ಅಥವಾ ಸಾಧನೆಯ ಮೇಲೆ ಕಣ್ಣಿಡಬಲ್ಲ ಯಾವುದೇ ತಾಂತ್ರಿಕ ಸಾಧನ ತರೋದಾದರೆ, ಬೆಟ್ರೀಬ್ಸ್‌ರಾಟ್, ಅಂದರೆ ನೌಕರರು ಆರಿಸಿದ ಮಂಡಳಿ ಇರುವ ಕಡೆ, ಅದರ ಒಪ್ಪಿಗೆ ಬೇಕು. ಇಲ್ಲಿಗೆ ಬಂದ ಹೊಸತರಲ್ಲಿ ನಮ್ಮವರು ಇದನ್ನು "ಕೆಲಸಕ್ಕೆ ಅಡ್ಡಗಾಲು" ಅಂತ ಗೊಣಗೋದು ಕೇಳಿದ್ದೇನೆ. ನನಗೆ ಕಂಡ ಹಾಗೆ ಅದು ಒಳ್ಳೆಯ ಮಾದರಿ ಪರಿಶೀಲನೆ. "ಈ ತೂಕ ಯಾಕೆ ಇಷ್ಟು? ನಗರದ ದಾರಿಗೂ ಹೆದ್ದಾರಿಗೂ ಒಂದೇ ಮಿತಿ ಯಾಕೆ?" ಅಂತ ಕೇಳುವವರು ಮೇಜಿನ ಆಚೆ ಕೂತಿರ್ತಾರೆ. ಕೋಡ್ ರಿವ್ಯೂನಲ್ಲಿ ಇಷ್ಟು ಮೂಲಭೂತ ಪ್ರಶ್ನೆ ನಮಗೆ ಯಾರೂ ಕೇಳಲ್ಲ. ತೊಂದರೆ ಏನಂದ್ರೆ, ಪಾರ್ಸೆಲ್ ಹಂಚೋ ಕೆಲಸ ಉಪಗುತ್ತಿಗೆಯಿಂದ ಉಪಗುತ್ತಿಗೆಗೆ ಇಳಿದು ಇಳಿದು, ಕೊನೆಗೆ ವ್ಯಾನ್ ಓಡಿಸುವ ಹುಡುಗನ ಕಂಪನಿಯಲ್ಲಿ ಮಂಡಳಿಯೂ ಇರಲ್ಲ, ಕೇಳೋರೂ ಇರಲ್ಲ.

ಹಾಗಾದರೆ ಏನು ಅಳೀಬೇಕು

ಬರೀ ಬೈದು ಕೂತರೆ ಆಗಲ್ಲ. ಅಳೆಯೋದಾದರೆ ಇವನ್ನು ಅಳೆಯಿರಿ.

ಒಂದು, ದೋಷ ಹೇಳಿದ ಮೇಲೆ ರಿಪೇರಿಗೆ ಎಷ್ಟು ದಿನ ಹಿಡಿಯಿತು. ಜರ್ಮನಿಯ ಅಪಘಾತ ವಿಮಾ ಸಂಸ್ಥೆಗಳ 70ನೇ ನಿಯಮದ ಪ್ರಕಾರ ಚಾಲಕ ಪಾಳಿ ಶುರುವಾಗುವ ಮುಂಚೆ ವಾಹನ ಪರೀಕ್ಷಿಸಬೇಕು, ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ವಾಹನದ ತಪಾಸಣೆ ಆಗಬೇಕು. ಟೈರು, ದೀಪ, ಬ್ರೇಕು, ಹೊರೆ ಕಟ್ಟಿದ್ದು ನೋಡೋಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಸಂಬಳದ ಗಡಿಯಾರದೊಳಗೆ ಇದೆಯಾ? ಆ್ಯಪ್ ಶುರುವಾಗೋದೇ ಮೊದಲ ಪಾರ್ಸೆಲ್ ಸ್ಕ್ಯಾನ್ ಮಾಡಿದಾಗ ಅಂತಾದರೆ ಪರೀಕ್ಷೆ ಅನ್ನೋದು ಬರೀ ಟಿಕ್ ಮಾರ್ಕ್. "ಬ್ರೇಕ್ ಸದ್ದು ಮಾಡ್ತಿದೆ" ಅಂತ ಹೇಳಿದವನಿಗೆ ಬದಲಿ ವ್ಯಾನ್ ಸಿಗುತ್ತಾ, ಅವತ್ತಿನ ದುಡಿಮೆ ಹೋಗುತ್ತಾ? ಹೋಗುತ್ತೆ ಅಂತಾದರೆ ಯಾವನೂ ಹೇಳಲ್ಲ. ಬದಲಿ ವಾಹನ ಇಡೋದು ದಂಡದ ಖರ್ಚು ಅನ್ನೋ ಲೆಕ್ಕಿಗನಿಗೆ ಅರ್ಥವಾಗದ್ದು ಇದೇ: ಆ ಖಾಲಿ ನಿಂತ ವ್ಯಾನು ಸತ್ಯ ಹೇಳೋದಕ್ಕೆ ನೀವು ಕೊಡ್ತಿರೋ ಬೆಲೆ.

ಎರಡು, ವೇಳಾಪಟ್ಟಿ ಸಾಧ್ಯವೋ ಇಲ್ಲವೋ. ಕಾನೂನಿನ ವೇಗದಲ್ಲಿ, ವಿರಾಮ ಪೂರ್ತಿ ತೆಗೆದುಕೊಂಡು, ಎಷ್ಟು ಪಾಳಿಗಳು ಸಮಯಕ್ಕೆ ಮುಗಿದವು? ಜಿಪಿಎಸ್ ದತ್ತಾಂಶ ನಿಮ್ಮ ಬಳಿ ಈಗಾಗಲೇ ಇದೆ. ಅದೇ ದತ್ತಾಂಶವನ್ನು ತಿರುಗಿಸಿ ಮೇಲಕ್ಕೆ ಹಿಡಿದರೆ ಸಾಕು. ಒಂದು ದಾರಿಯಲ್ಲಿ ಯಾರೇ ಓಡಿಸಿದರೂ ವೇಗಮಿತಿ ಮೀರುತ್ತೆ ಅಂದರೆ ತಪ್ಪು ದಾರಿಯ ಯೋಜನೆಯದ್ದು. ಅದಕ್ಕೆ ಅಂಕ ಕೊಡಿ, ಅದರ ಪತ್ರವನ್ನು ಯೋಜನೆ ಮಾಡಿದವರಿಗೆ ಕಳಿಸಿ.

ಮೂರು, ಕೊಳ್ಳುವ ತೀರ್ಮಾನ. 2024ರ ಜುಲೈಯಿಂದ ಯೂರೋಪಿಯನ್ ಒಕ್ಕೂಟದಲ್ಲಿ ನೋಂದಣಿಯಾಗುವ ಹೊಸ ಕಾರು, ವ್ಯಾನುಗಳಲ್ಲಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ವೇಗಮಿತಿ ನೆನಪಿಸುವ ವ್ಯವಸ್ಥೆ ಕಡ್ಡಾಯ. ಹಳೇ ವ್ಯಾನನ್ನು ಇನ್ನೂ ನಾಲ್ಕು ವರ್ಷ ಎಳೆಯೋಣ ಅಂತ ಸಹಿ ಹಾಕಿದವರ ಹೆಸರೂ ಸುರಕ್ಷತೆಯ ವರದಿಯಲ್ಲಿ ಬರಲಿ.

ನಾಲ್ಕು, ದಕ್ಷತೆ ಮತ್ತು ಸುರಕ್ಷತೆಯನ್ನು ಎದುರಾಳಿಗಳು ಅನ್ನೋ ಹಾಗೆ ಮಾತಾಡೋದು ನಿಲ್ಲಲಿ. 100 ಕಿಲೋಮೀಟರ್ ದಾರಿಯನ್ನು 130ರ ವೇಗದಲ್ಲಿ ಹೋದರೆ 46 ನಿಮಿಷ, 110ರಲ್ಲಿ ಹೋದರೆ ಸುಮಾರು 55. ಉಳಿಸಿದ್ದು ಎಂಟು ಚಿಲ್ಲರೆ ನಿಮಿಷ, ಗಾಳಿಯ ತಡೆ ಮಾತ್ರ ಶೇ 40ರಷ್ಟು ಜಾಸ್ತಿ. ಅದರ ಬಿಲ್ಲು ಡೀಸೆಲ್ಲಿನಲ್ಲಿ ಬರುತ್ತೆ. ಟೈರಿನ ಗಾಳಿ ಸರಿ ಇಟ್ಟರೆ ಇಂಧನವೂ ಉಳಿಯುತ್ತೆ, ಟೈರು ಬಿಸಿಯಾಗಿ ಸಿಡಿಯೋ ಭಯವೂ ಕಡಿಮೆ. ಇದಕ್ಕೆ ಯಂತ್ರ ಕಲಿಕೆ ಬೇಡ, ಗಾಳಿ ಹೊಡೆಯೋ ಪಂಪ್ ಸಾಕು.

ಇನ್ನು ಕೊನೆಯದಾಗಿ ನಮ್ಮವರಿಗೆ. ಈ ಬ್ಲಾಗ್ ಓದುವವರಲ್ಲಿ, ಪಾಡ್‌ಕಾಸ್ಟ್ ಕೇಳುವವರಲ್ಲಿ, ಇಂಥ ಸಾಫ್ಟ್‌ವೇರ್ ಬರೆಯುವವರು ಕಡಿಮೆ ಇಲ್ಲ. ಮ್ಯೂನಿಕ್‌ನಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕೂತು ಈ ತೂಕಗಳನ್ನು ನಿರ್ಧರಿಸೋರು ನಾವೇ. ನಮ್ಮ ಕೆಲಸಕ್ಕೆ ಯಾರಾದರೂ ನಿಮಿಷಕ್ಕೊಂದು ಅಂಕ ಕೊಟ್ಟರೆ, ಎಷ್ಟು ಸಲ ಬ್ಯಾಕ್‌ಸ್ಪೇಸ್ ಒತ್ತಿದೆವು ಅಂತ ಎಣಿಸಿ ಬೋನಸ್ ಕತ್ತರಿಸಿದರೆ, ಅವತ್ತೇ ರಾಜೀನಾಮೆ ಪತ್ರ ಟೈಪ್ ಮಾಡ್ತೀವಿ. ಅದೇ ಅಳತೆಯನ್ನು ಸಂಬಳ ಬಿಟ್ಟರೆ ಬೇರೆ ದಾರಿ ಇಲ್ಲದವರ ಮೇಲೆ ಹೇರುವಾಗ ಕನಿಷ್ಠ ಒಂದು ಪ್ರಶ್ನೆಯನ್ನಾದರೂ ಟಿಕೆಟ್ಟಿನಲ್ಲಿ ಬರೆಯಿರಿ: ಈ ಅಂಕ ಕೆಳಗಿಳಿದಾಗ ಬದಲಾಗೋದು ಏನು, ವೇಳಾಪಟ್ಟಿಯಾ, ವಾಹನವಾ, ಚಾಲಕನಾ? ಉತ್ತರ ಪ್ರತಿ ಸಲವೂ "ಚಾಲಕ" ಅಂತಲೇ ಬಂದರೆ ನೀವು ಕಟ್ಟುತ್ತಿರೋದಕ್ಕೆ ಸುರಕ್ಷತೆ ಅಂತ ಹೆಸರಿಡಬೇಡಿ.